ನೀರಿನ ಬಾಟಲಿಯಲ್ಲಿ ಆಸಿಡ್: ನಮ್ಮ ಬೀದಿಯ ಪೌರಕಾರ್ಮಿಕ ಅಕ್ಕನ ಕೈ ಸುಟ್ಟಿತು. ಇಂಥದ್ದನ್ನು ಎಲ್ಲಿ ಕೊಡಬೇಕು?

ನಾಗರಬಾವಿ_ಶುಭಾ
ಮೊನ್ನೆ ಮಂಗಳವಾರ ನಡೆದದ್ದು. ಇನ್ನೂ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೀದಿಗೆ ಬೆಳಿಗ್ಗೆ ಏಳೂಕಾಲಿಗೆ ಆಟೋ ಟಿಪ್ಪರ್ ಬರುತ್ತದೆ. ಒಬ್ಬ ಡ್ರೈವರ್, ಜೊತೆಗೆ ಒಬ್ಬ ಅಕ್ಕ. ಹಸಿ ಕಸ ಸುರಿದುಕೊಂಡು ಒಣ ಕಸದ ಚೀಲ ಬಿಚ್ಚಿ ನೋಡುತ್ತಾರೆ. ಅದರಲ್ಲಿದ್ದ ನೀರಿನ ಬಾಟಲಿಗಳನ್ನು ಮುಚ್ಚಳ ತೆಗೆದು, ಉಳಿದ ನೀರು ಚೆಲ್ಲಿ, ಹಿಸುಕಿ ಚಪ್ಪಟೆ ಮಾಡಿ ಗಾಡಿಗೆ ಕಟ್ಟಿದ ಗೋಣಿಗೆ ಹಾಕುತ್ತಾರೆ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಸಿಗುತ್ತದೆ. ನೀರಿದ್ದರೆ ಗುಜರಿಯವನು ತಗೊಳ್ಳಲ್ಲ.

ಅವತ್ತು ಒಂದು ಲೀಟರ್ ಬಾಟಲಿ ಸಿಕ್ಕಿತು. ಕಾಲು ಭಾಗ ನೀರು, ಅಂದರೆ ನೀರಿನ ಹಾಗೆ ಕಾಣುವಂಥದ್ದು. ಮುಚ್ಚಳ ಬಿಗಿಯಾಗಿತ್ತು. ಬಾಟಲಿ ಒತ್ತಿ ಹಿಡಿದು ತಿರುಗಿಸಿದಾಗ ಎಡಗೈ ಮೇಲೆ, ಪಾದದ ಮೇಲೆ ಚಿಮ್ಮಿತು. ನನಗೆ ಗೊತ್ತಾಗಿದ್ದು ನಮ್ಮ ಗೇಟ್ ಮುಂದಿನ ಸಿಮೆಂಟ್ ನೋಡಿ. ಹನಿ ಬಿದ್ದ ಕಡೆಯೆಲ್ಲ ಬುಸ್ ಅಂತ ನೊರೆ ಎದ್ದಿತು.

ಆಕೆ ಗ್ಲೌಸ್ ಹಾಕಿದ್ದರು. ಅಂಗೈ ಭಾಗಕ್ಕೆ ಮಾತ್ರ ರಬ್ಬರ್, ಮೇಲೆಲ್ಲ ನೂಲು, ಆ ಥರದ್ದು. ಆಸಿಡ್ ನೂಲಿಗೆ ಇಳಿದು ಚರ್ಮಕ್ಕೆ ಅಂಟಿಕೊಂಡಿತ್ತು. ಡ್ರೈವರ್ "ಗ್ಲೌಸ್ ತೆಗೀಬೇಡ, ಗಾಳಿ ತಾಗಿದರೆ ಉರಿ ಜಾಸ್ತಿ" ಅಂದ. ಎದುರು ಮನೆಯವರು ಪೇಸ್ಟ್ ಹಿಡಿದುಕೊಂಡು ಓಡಿ ಬಂದರು. ನಾನು ಗಿಡಕ್ಕೆ ನೀರು ಹಾಕುವ ಪೈಪ್ ತಿರುಗಿಸಿ "ಬನ್ನಿ ಇಲ್ಲಿ" ಅಂತ ಕೂಗಿದೆ. ಆಕೆ ಗೇಟ್ ಹತ್ತಿರವೇ ನಿಂತು ಕೇಳಿದರು, "ಒಳಗೆ ಬರಲಾ ಅಕ್ಕಾ?" ಕೈ ಉರಿಯುತ್ತಿದೆ, ಆಗಲೂ ಕೇಳಿದರು.

ಕೇಳಬೇಕಿರುವುದು ಇಷ್ಟು. ಇಂಥ ಹೊತ್ತಲ್ಲಿ ಸರಿಯಾಗಿ ಏನು ಮಾಡಬೇಕು? ಮನೆಯಲ್ಲಿ ಉಳಿದ ಆಸಿಡ್, ಡ್ರೈನ್ ಕ್ಲೀನರ್ ಎಲ್ಲಿ ಕೊಡಬೇಕು? ನಮ್ಮ ಬೀದಿಯವರು ಸೇರಿ ಒಳ್ಳೆ ಗ್ಲೌಸ್ ತಂದುಕೊಟ್ಟರೆ ಯಾವುದು ತರಬೇಕು?

ಸುಮ್ನೆ_ಓದುವವ
ಬಾಟಲಿ ಯಾರ ಮನೆಯದು ಅಂತ ಗೊತ್ತಾಯ್ತಾ?

ನಾಗರಬಾವಿ_ಶುಭಾ
ಇಲ್ಲ. ಕೇಳಿದರೆ ಎಲ್ಲರೂ "ನಮ್ಮದಲ್ಲ" ಅನ್ನುತ್ತಾರೆ. ಬೀದಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕೂ ಮನೆಯಲ್ಲಿ ಆಸಿಡ್ಡೇ ಇಲ್ಲವಂತೆ.

ನೈಟ್_ಡ್ಯೂಟಿ
ಸುಟ್ಟಗಾಯದ ವಾರ್ಡಿನಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ನೀವು ಪೈಪ್ ತಿರುಗಿಸಿದ್ದು ಸರಿ ಶುಭಾ ಅವರೇ. ಡ್ರೈವರ್ ಹೇಳಿದ್ದು ತಪ್ಪು, ಪೇಸ್ಟ್ ಇನ್ನೂ ತಪ್ಪು.

ಮೊದಲು ಗ್ಲೌಸ್, ಬಳೆ, ಚಪ್ಪಲಿ, ಒದ್ದೆಯಾದ ಬಟ್ಟೆ ಎಲ್ಲ ತೆಗೆಯಬೇಕು. ನಾಚಿಕೆ ಪಡುವ ಹೊತ್ತಲ್ಲ, ಬೇಕಿದ್ದರೆ ಒಂದು ಬೆಡ್‌ಶೀಟ್ ಅಡ್ಡ ಹಿಡಿಯಿರಿ. ನೀರು ಬಿಡುತ್ತಲೇ ಬಟ್ಟೆ ಕಳಚಬಹುದು. ಆಮೇಲೆ ಹರಿಯುವ ನೀರು, ಕನಿಷ್ಠ 20 ನಿಮಿಷ. ಗಡಿಯಾರ ನೋಡಿಕೊಂಡೇ ಹಾಕಿ, ಯಾಕಂದರೆ ಅಂದಾಜಿಗೆ ಬಿಟ್ಟರೆ ಎಲ್ಲರೂ ಎರಡು ನಿಮಿಷಕ್ಕೇ ನಿಲ್ಲಿಸುತ್ತಾರೆ. ಬಕೆಟ್‌ನಲ್ಲಿ ಕೈ ಅದ್ದಿ ಕೂರುವುದಲ್ಲ, ನೀರು ಹರಿದು ಹೋಗಬೇಕು. ಹರಿದ ನೀರು ಇನ್ನೊಂದು ಕಾಲಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಪುಡಿ ಬಿದ್ದಿದ್ದರೆ ಕ್ರಮ ಸ್ವಲ್ಪ ಬೇರೆ. ಬ್ಲೀಚಿಂಗ್ ಪೌಡರ್, ಸುಡುಸುಣ್ಣ ಇಂಥವನ್ನು ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ನೀರು. ಕಣ್ಣಿಗೆ ಬಿದ್ದರೆ ಆ ಕಣ್ಣು ಕೆಳಗೆ ಬರುವ ಹಾಗೆ ತಲೆ ವಾಲಿಸಿ, ರೆಪ್ಪೆ ಬಿಡಿಸಿ ನೀರು ಬಿಡಿ. ಕಣ್ಣಿಗೆ ಬಿದ್ದ ಮೇಲೆ "ಸಂಜೆ ನೋಡೋಣ" ಅನ್ನಬೇಡಿ. ಆಗಲೇ ಆಸ್ಪತ್ರೆ.

ಪೇಸ್ಟ್, ಅರಿಶಿನ, ತುಪ್ಪ, ಇಂಕು, ಮೊಟ್ಟೆ, ಇದೆಲ್ಲ ವಾರ್ಡಿನಲ್ಲಿ ನಾನು ಉಜ್ಜಿ ತೆಗೆದಿದ್ದೇನೆ. ಕೆಳಗೆ ಗಾಯ ಎಷ್ಟಿದೆ ಅಂತ ಡಾಕ್ಟರಿಗೆ ಕಾಣಬೇಕಾದರೆ ಅದನ್ನೆಲ್ಲ ತೆಗೆಯಲೇಬೇಕು. ಅದರ ನೋವು ಸುಟ್ಟ ನೋವಿಗಿಂತ ಜಾಸ್ತಿ.

ಹೊಸ_ಮನೆ_ಹಳೇ_ಸಾಲ
ಆಸಿಡ್ ಬಿದ್ದರೆ ಅಡುಗೆ ಸೋಡಾ ಹಾಕಿದರೆ ಸರಿಹೋಗಲ್ವಾ? ಒಂದಕ್ಕೊಂದು ಕಟ್ಟಾಗುತ್ತೆ ಅಂತ ಹೈಸ್ಕೂಲಿನಲ್ಲಿ ಓದಿದ ನೆನಪು.

ನಿವೃತ್ತ_ಕೆಮಿಸ್ಟ್ರಿ_ಮೇಷ್ಟ್ರು
ಓದಿದ್ದು ಸರಿ, ಜಾಗ ತಪ್ಪು. ಆಸಿಡ್ಡಿಗೆ ಸೋಡಾ ಸೇರಿದರೆ ಕಟ್ಟಾಗುತ್ತದೆ ನಿಜ. ಆದರೆ ಆಸಿಡ್ಡಿಗೆ ಕ್ಷಾರ ಸೇರಿದಾಗ ಬಿಸಿ ಏಳಬಹುದು. ಚರ್ಮದ ಮೇಲೆ ಆ ಪ್ರಯೋಗ ಯಾಕೆ? ಅದನ್ನು ಹುಡುಕುತ್ತಾ ಅಡುಗೆಮನೆಗೆ ಓಡಿದ ಎರಡು ನಿಮಿಷವೂ ನಷ್ಟವೇ. ನೀರೇ ಸಾಕು.

ಇನ್ನೊಂದು ಮಾತು. ಜನ ಆಸಿಡ್ಡಿಗೆ ಹೆದರುತ್ತಾರೆ, ಕ್ಷಾರಕ್ಕೆ ಹೆದರುವುದಿಲ್ಲ. ಆಸಿಡ್ ಬಿದ್ದ ತಕ್ಷಣ ಉರಿ ಹತ್ತುತ್ತದೆ, ಚರ್ಮದ ಪ್ರೋಟೀನ್ ಮೊಸರಿನ ಹಾಗೆ ಗಟ್ಟಿಯಾಗಿ ಒಂದು ಪದರ ಆಗುತ್ತದೆ. ಆ ಪದರ ಆಸಿಡ್ ಇನ್ನೂ ಒಳಗೆ ಇಳಿಯುವುದನ್ನು ಸ್ವಲ್ಪ ತಡೆಯುತ್ತದೆ. ಕಾಸ್ಟಿಕ್ ಸೋಡಾ ಕ್ಷಾರ, ಅದು ಹಾಗಲ್ಲ. ಅದು ಕೊಬ್ಬನ್ನು ಸೋಪು ಮಾಡಿಕೊಂಡು ಒಳಗೆ ಇಳಿಯುತ್ತಲೇ ಹೋಗುತ್ತದೆ. ಮೊದಲಿಗೆ ಜಾರುಜಾರಾಗಿರುತ್ತದೆ ಅಷ್ಟೇ, ನೋವು ನಿಧಾನ. ಸಿಂಕ್ ಕಟ್ಟಿದಾಗ ಹಾಕುವ ಪ್ಯಾಕೆಟ್ ಪುಡಿಯಲ್ಲಿ ಇರುವುದು ಮುಖ್ಯವಾಗಿ ಅದೇ. ಅರ್ಧ ಪ್ಯಾಕೆಟ್ ಉಳಿದರೆ ಮಡಿಸಿ ಕಸಕ್ಕೆ ಹಾಕುತ್ತೇವೆ. ಹಸಿ ಕಸದ ನೀರು ತಾಗಿದರೆ ಸಾಕು, ಕುದಿಯುವಷ್ಟು ಬಿಸಿಯಾಗುತ್ತದೆ. ಅದನ್ನು ಎತ್ತುವವರ ಕೈ ಬೆವರಿನಿಂದ ಒದ್ದೆಯಾಗೇ ಇರುತ್ತದೆ.

ಕಡಲತೀರ
ಎಲೆ ಅಡಿಕೆಯ ಸುಣ್ಣವೂ ಅದೇ ಜಾತಿ ಮಾರಾಯ್ರೆ. ನಮ್ಮ ಕಡೆ ಮಕ್ಕಳು ಸುಣ್ಣದ ಪ್ಯಾಕೆಟ್ ಹಿಸುಕಿ ಕಣ್ಣಿಗೆ ಹಾರಿಸಿಕೊಂಡದ್ದು ಎಷ್ಟು ಕೇಸು!

ನೇರ_ಮಾತು
ಎಲ್ಲ ಸರಿ. ಆದರೆ ಕಸದವರು ಯಾಕೆ ಬಾಟಲಿ ಬಿಚ್ಚಬೇಕು? ಅವರ ಕೆಲಸ ಕಸ ಎತ್ತುವುದು, ಗುಜರಿ ವ್ಯಾಪಾರ ಅಲ್ಲ. ಬಿಚ್ಚದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಟಿಪ್ಪರ್_ಮಗ
ಮೊದಲನೆಯದು, "ಕಸದವರು" ಅಲ್ಲ, ಪೌರಕಾರ್ಮಿಕರು. ಕಸ ಯಾರದು ಅಂತ ನಿಮಗೂ ಗೊತ್ತು.

ಎರಡನೆಯದು, ಬಿಚ್ಚದಿದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ, ನಮ್ಮಪ್ಪ ಹನ್ನೊಂದು ವರ್ಷ ಇದೇ ಕೆಲಸದಲ್ಲಿದ್ದಾರೆ. ಟಿಪ್ಪರ್‌ನಿಂದ ಕಸ ಕಾಂಪ್ಯಾಕ್ಟರ್‌ಗೆ ಹೋಗುತ್ತದೆ. ಕಾಂಪ್ಯಾಕ್ಟರ್ ಅಂದರೆ ಹಿಂದೆ ದೊಡ್ಡ ಬಾಯಿ, ಒಳಗೆ ಕಬ್ಬಿಣದ ತಟ್ಟೆ. ಅದು ಕಸವನ್ನು ಒತ್ತುತ್ತದೆ. ಮುಚ್ಚಳ ಬಿಗಿಯಿರುವ ಬಾಟಲಿ ಆ ಒತ್ತಡಕ್ಕೆ ಪಟ್ ಅಂತ ಒಡೆಯುತ್ತದೆ. ಒಡೆದರೆ ಒಳಗಿದ್ದದ್ದು ಹಿಂದಕ್ಕೇ ಚಿಮ್ಮುತ್ತದೆ, ಲೋಡರ್ ನಿಂತಿರುವುದೂ ಹಿಂದೆಯೇ. ಕೈಯಲ್ಲಿ ಬಿಚ್ಚಿದರೆ ಕೈಗೆ, ಒತ್ತಿದರೆ ಮುಖಕ್ಕೆ. ಅಪ್ಪನ ಗಲ್ಲದ ಮೇಲೆ ಕಾಸಗಲದ ಬಿಳಿ ಕಲೆ ಇದೆ. ಅವತ್ತು ಕಣ್ಣಿಗೆ ಬಿದ್ದಿದ್ದರೆ ಇವತ್ತು ಡ್ರೈವಿಂಗ್ ಇಲ್ಲ.

ಗುಜರಿ ದುಡ್ಡಿನ ಬಗ್ಗೆ ಮಾತಾಡುವುದಾದರೆ, ಸಂಬಳ ಎರಡು ತಿಂಗಳು ತಡವಾದಾಗ ಅವರು ಬಸ್ಸಿಗೆ ಹೋಗುವುದು ಅದರಿಂದಲೇ.

ನೇರ_ಮಾತು
ಒಪ್ಪಿದೆ. ಕಾಂಪ್ಯಾಕ್ಟರ್ ವಿಷಯ ಗೊತ್ತಿರಲಿಲ್ಲ. ಆದರೂ ಗುತ್ತಿಗೆದಾರ ಸರಿಯಾದ ಗ್ಲೌಸ್ ಕೊಡಬೇಕಿತ್ತು. ಅದು ಅವನ ತಪ್ಪು, ಮನೆಯವರದ್ದು ಮಾತ್ರ ಅಲ್ಲ.

ಎಡಿಸನ್_ಕನ್ನಡಿಗ
ಟಿಪ್ಪರ್_ಮಗ ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ನ್ಯೂಯಾರ್ಕಿನಲ್ಲಿ 1996ರ ನವೆಂಬರ್‌ನಲ್ಲಿ ಹೀಗೇ ಆಗಿ ಒಬ್ಬ ನೈರ್ಮಲ್ಯ ಕಾರ್ಮಿಕ ಸತ್ತೇ ಹೋದರು. ಬ್ರೂಕ್ಲಿನ್‌ನಲ್ಲಿ ಮಾಮೂಲಿ ಕಸದ ಜೊತೆ ಯಾರೋ ಹೈಡ್ರೋಫ್ಲೋರಿಕ್ ಆಸಿಡ್ ಡಬ್ಬಿ ಇಟ್ಟಿದ್ದರು. ಲಾರಿ ಹಿಂದಿನ ತಟ್ಟೆ ಒತ್ತಿದಾಗ ಡಬ್ಬಿ ಒಡೆದು ಮೈಮೇಲೆ ಚಿಮ್ಮಿತು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಇದ್ದ ಮನುಷ್ಯ. ಇಟ್ಟವರಿಗೆ ಅದು ಬರೀ ಬೇಡದ ಡಬ್ಬಿ.

ಈಗ ಆ ನಗರದಲ್ಲಿ ಇಂಥ ವಸ್ತು ತಂದುಕೊಡುವುದಕ್ಕೇ ಬೇರೆ ಕೇಂದ್ರಗಳಿವೆ, ಪ್ರತಿ ಬರೋಗೆ (ನಗರದ ಐದು ವಿಭಾಗಗಳಲ್ಲಿ ಪ್ರತಿಯೊಂದಕ್ಕೂ) ಒಂದರಂತೆ. ಆದರೂ ಎಲ್ಲರೂ ಹೋಗುತ್ತಾರೆ ಅಂದುಕೊಳ್ಳಬೇಡಿ. ಪೇಂಟ್ ಡಬ್ಬಿ ಕವರಿಗೆ ಸುತ್ತಿ ಕಸಕ್ಕೆ ಎಸೆಯುವವರು ಇಲ್ಲೂ ಬೇಕಾದಷ್ಟು.

ನೈಟ್_ಡ್ಯೂಟಿ
ಹೈಡ್ರೋಫ್ಲೋರಿಕ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗಾಢವಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ತೆಳುವಾಗಿದ್ದರೆ ಉರಿ ಗಂಟೆಗಟ್ಟಲೆ ತಡವಾಗಿ ಶುರುವಾಗುತ್ತದೆ. ಮೇಲೆ ಏನೂ ಕಾಣಲ್ಲ, ಒಳಗೆ ಮೂಳೆ ನೋವು. ಅದು ಮೈಯಲ್ಲಿರುವ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಎದೆಬಡಿತವೇ ತಪ್ಪಬಹುದು. ನೀರು ಹಾಕಿದ ಮೇಲೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಬೇಕು. ತುಕ್ಕು ತೆಗೆಯುವ ಕೆಲವು ದ್ರಾವಣ, ಗಾಜಿನ ಮೇಲೆ ಡಿಸೈನ್ ಕೊರೆಯುವ ದ್ರಾವಣ, ಇವುಗಳಲ್ಲಿ ಇರುತ್ತದೆ. ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ. "ಏನೋ ಬಿತ್ತು" ಅಂದರೆ ಡಾಕ್ಟರೂ ಏನೋ ಒಂದು ಕೊಡಬೇಕಾಗುತ್ತದೆ.

ಸುಮ್ನೆ_ಓದುವವ
ಆದರೆ ಶುಭಾ ಮೇಡಂ ಕೇಸಿನಲ್ಲಿ ಬಾಟಲಿ ಮೇಲೆ ಬರೆದಿದ್ದೇ ಕುಡಿಯುವ ನೀರು ಅಂತ. ಕವರಿನಲ್ಲಿ ಹಾಕಿಕೊಂಡು ಹೋದರೂ ಡಾಕ್ಟರ್ ಏನು ಓದುತ್ತಾರೆ?

ಹುಬ್ಬಳ್ಳಿ_ಮಂದಿ
ಅದೇ ಅಲ್ಲೇನ್ರೀ ಮೂಲ ರೋಗ. ಮೊಪೆಡ್ ಮ್ಯಾಲೆ "ಆಸಿಡ್... ಫಿನಾಯಿಲ್..." ಅಂತ ಕೂಗಿಕೊಂಡು ಬರುವವನ ಹತ್ತಿರ ಯಾರು ತಗೊಂಡಿಲ್ಲ ಹೇಳಿ? ಅವನ ಕ್ಯಾನಿನಿಂದ ಏನು ಸಿಗುತ್ತದೋ ಆ ಬಾಟಲಿಗೆ ಹಾಕಿಕೊಡುತ್ತಾನೆ. ನೀರಿನ ಬಾಟಲಿ, ಜ್ಯೂಸ್ ಬಾಟಲಿ, ನಮ್ಮ ಓಣಿಯಲ್ಲಿ ಬ್ರಾಂದಿ ಬಾಟಲಿಗೂ ಹಾಕಿಕೊಟ್ಟಿದ್ದ. ನಮ್ಮ ಸೋದರಮಾವ ಆ ಬಾಟಲಿ ನೋಡಿ ಒಮ್ಮೆ ಭಾಳ ಆಸೆಪಟ್ಟಿದ್ದರು. ಅತ್ತೆ ಕೈಯಿಂದ ಕಸಿದುಕೊಂಡದ್ದಕ್ಕೆ ಇವತ್ತು ಇದ್ದಾರೆ.

ನಿವೃತ್ತ_ಕೆಮಿಸ್ಟ್ರಿ_ಮೇಷ್ಟ್ರು
2013ರಲ್ಲಿ ಸುಪ್ರೀಂ ಕೋರ್ಟು ಆಸಿಡ್ ಬಿಡಿ ಮಾರಾಟಕ್ಕೆ ಕಡಿವಾಣ ಹಾಕಿದೆ. ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, 18 ವರ್ಷದೊಳಗಿನವರಿಗೆ ಕೊಡಬಾರದು, ರಿಜಿಸ್ಟರ್ ಇಡಬೇಕು. ಅದು ಆಸಿಡ್ ದಾಳಿ ತಡೆಯಲು ಬಂದ ಆದೇಶ. ಮೊಪೆಡ್ಡಿನವನ ರಿಜಿಸ್ಟರ್ ಎಲ್ಲಿದೆ ಅಂತ ನಾನು ಒಮ್ಮೆ ಕೇಳಿದೆ. "ಸಾರ್, ಬೇಕಾ ಬೇಡ್ವಾ?" ಅಂದ.

ಅಂಟುವಾಳ_ಅಮ್ಮ
ಆಸಿಡ್ ಯಾಕೆ ಬೇಕು ಹೇಳಿ ಮೊದಲು? ಅಂಟುವಾಳಕಾಯಿ, ಲಿಂಬೆ ಸಿಪ್ಪೆಯ ಬಯೋ ಎಂಜೈಮ್ ಸಾಕು. ಬೆಲ್ಲ ಒಂದು ಭಾಗ, ಸಿಪ್ಪೆ ಮೂರು ಭಾಗ, ನೀರು ಹತ್ತು ಭಾಗ, ಮೂರು ತಿಂಗಳು ಬಿಡಿ. ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಇದೇ.

ಹೊಸ_ಮನೆ_ಹಳೇ_ಸಾಲ
ಅಮ್ಮಾ, ನಮ್ಮದು ಬೋರ್‌ವೆಲ್ ನೀರು. ಕಮೋಡಿನಲ್ಲಿ ಕಂದು ಗೆರೆ ಕೂತಿದೆ. ಲಿಂಬೆ ಸಿಪ್ಪೆ ಅದನ್ನು ನೋಡಿ ನಗುತ್ತದೆ.

ಅಂಟುವಾಳ_ಅಮ್ಮ
ಒಂದು ಸಲ ರಾತ್ರಿ ಹಾಕಿ ಬೆಳಿಗ್ಗೆ ಉಜ್ಜಿ ನೋಡು. ಮತ್ತೆ, ಆ ಬಾಟಲಿ ಮುಚ್ಚಳವನ್ನು ಮೊದಲ ತಿಂಗಳು ದಿನಕ್ಕೊಮ್ಮೆ ಸಡಿಲಿಸು, ಗ್ಯಾಸ್ ತುಂಬಿ ಸಿಡಿಯುತ್ತದೆ.

ಸುಮ್ನೆ_ಓದುವವ
ಅಂದರೆ ಅದೂ ಸಿಡಿಯುತ್ತೆ 😄

ಎಸ್ಟಿಪಿ_ತಲೆನೋವು
ಅಪಾರ್ಟ್‌ಮೆಂಟ್ ಮ್ಯಾನೇಜರ್ ಕಡೆಯಿಂದ ಒಂದು ತಪ್ಪೊಪ್ಪಿಗೆ. ನಮ್ಮಲ್ಲಿ 220 ಫ್ಲಾಟ್. ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಹೈಪೋ ಅಂದರೆ ಬ್ಲೀಚ್ ದ್ರಾವಣ, ಸ್ವಿಮ್ಮಿಂಗ್ ಪೂಲಿಗೆ ಕ್ಲೋರಿನ್ ಮಾತ್ರೆ ಮತ್ತು ಆಸಿಡ್, ನೆಲಕ್ಕೆ ಬೇರೆ ಆಸಿಡ್. ಖಾಲಿ ಕ್ಯಾನುಗಳು ರಾಶಿ ಬೀಳುತ್ತವೆ. ಎರಡು ವರ್ಷ ಹಿಂದಿನವರೆಗೂ ಖಾಲಿ ಕ್ಯಾನ್ ಅಂತ ಹೌಸ್‌ಕೀಪಿಂಗ್‌ನವರು ಮನೆಗೆ ನೀರು ತುಂಬಿಡಲು ಒಯ್ಯುತ್ತಿದ್ದರು, ನಾವೂ ಪುಣ್ಯದ ಕೆಲಸ ಅಂತ ಕೊಡುತ್ತಿದ್ದೆವು. ಒಂದು ದಿನ ನಮ್ಮದೇ ಹುಡುಗ ಒಂದು ಕ್ಯಾನಿನ ತಳದಲ್ಲಿದ್ದ ಹೈಪೋವನ್ನು ಇನ್ನೊಂದಕ್ಕೆ ಸುರಿದ. ಅದರಲ್ಲಿ ಆಸಿಡ್ ಇತ್ತು. ಹಳದಿ ಮಿಶ್ರಿತ ಹಸಿರು ಹೊಗೆ, ಹುಡುಗ ಕೆಮ್ಮುತ್ತಾ ನೆಲಮಾಳಿಗೆಯಿಂದ ಓಡಿ ಬಂದ. ಆಮ್ಲಜನಕ ಹಾಕಿಸಿ ಎರಡು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು.

ಈಗ ಮಾರಿದವರೇ ಖಾಲಿ ಕ್ಯಾನ್ ವಾಪಸ್ ಒಯ್ಯಬೇಕು ಅಂತ ಆರ್ಡರಿನಲ್ಲೇ ಬರೆಸಿದ್ದೇವೆ. ಒಯ್ಯದಿದ್ದರೆ ಬಿಲ್ ಪಾಸ್ ಮಾಡಲ್ಲ. ಅದೊಂದೇ ಕೆಲಸ ಮಾಡಿದ್ದು.

ನಿವೃತ್ತ_ಕೆಮಿಸ್ಟ್ರಿ_ಮೇಷ್ಟ್ರು
ಅದು ಕ್ಲೋರಿನ್ ಅನಿಲ. ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಬೆರೆಸಿದರೆ ಬಾತ್‌ರೂಮಿನಲ್ಲೂ ಅದೇ ಆಗುತ್ತದೆ. ಒದ್ದೆ ಕಸದ ರಾಶಿ ಮೇಲೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಅದರ ಕೆಳಗೆ ಒಡೆದ ಆಸಿಡ್ ಬಾಟಲಿ ಇದ್ದರೆ ಪಕ್ಕ ನಿಂತವರ ಗತಿ ಏನು?

ಮೂರನೇ_ಕ್ರಾಸ್
ಬ್ಲೀಚಿಂಗ್ ಪೌಡರ್ ವಿಷಯ ಬಂದದ್ದು ಒಳ್ಳೆಯದಾಯಿತು. ನಮ್ಮ ವಾರ್ಡಿನಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ತಂದು ಸುರಿಯುವ ರಸ್ತೆ ಬದಿಯ ಜಾಗ, ಸಾಫ್ ಮಾಡಿದ ಮೇಲೆ ಆ ಪೌಡರ್ ಎರಚುತ್ತಾರೆ. ಎರಚುವುದು ಹೇಗೆ ಗೊತ್ತಾ? ಪ್ಲಾಸ್ಟಿಕ್ ಬಕೆಟ್‌ನಲ್ಲಿ ಹಾಕಿಕೊಂಡು ಬರಿಗೈಯಲ್ಲಿ ಹಿಡಿ ಹಿಡಿಯಾಗಿ, ರಂಗೋಲಿ ಪುಡಿ ಹಾಕುವ ಹಾಗೆ. ಗಾಳಿ ಎದುರು ಬಂದರೆ ಸೆರಗು ಮುಖಕ್ಕೆ ಕಟ್ಟಿಕೊಳ್ಳುತ್ತಾರೆ, ಅಷ್ಟೇ. ಒಬ್ಬ ಅಮ್ಮನ ಬೆರಳ ಸಂದು ನೋಡಿದೆ. ಬಿಳಿಚಿಕೊಂಡು ಬಿರಿದು, ಒಳಗೆ ಕೆಂಪು. "ಇದು ಪೌಡರ್ ಕೈ ಕಣಪ್ಪ, ಮಳೆಗಾಲ ಬಂದರೆ ಹೀಗೇ" ಅಂದರು. ಮನೆಗೆ ಹೋಗಿ ಸಾರಿಗೆ ಹುಣಸೆಹಣ್ಣು ಕಿವುಚಲು ಆಗಲ್ಲವಂತೆ, ಮಗಳು ಕಿವುಚಿಕೊಡುತ್ತಾಳೆ. ಒಂದೇ ಸಲ ಚಿಮ್ಮಿ ಸುಡುವುದು ನಮಗೆ ಕಾಣುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸುಡುವುದು ಯಾರ ಲೆಕ್ಕಕ್ಕೂ ಬರಲ್ಲ.

ನಾಗರಬಾವಿ_ಶುಭಾ
ಗ್ಲೌಸ್ ಬಗ್ಗೆ ಯಾರೂ ಹೇಳಲಿಲ್ಲ...

ಟಿಪ್ಪರ್_ಮಗ
ನೀವು ಹೇಳಿದ ಆ ನೂಲಿನ ಗ್ಲೌಸ್ ಗಾಜು, ಮೊಳೆ ತಾಗದಿರಲಿ ಅಂತ ಇರುವುದು. ನೀರಿನಂಥದ್ದು ಬಿದ್ದರೆ ಅದು ಬತ್ತಿ ಇದ್ದ ಹಾಗೆ, ಹೀರಿಕೊಂಡು ಕೈಗೇ ಕೊಡುತ್ತದೆ. ಪೂರ್ತಿ ನೈಟ್ರೈಲ್ ಅಥವಾ ಪಿವಿಸಿ ಇರುವ, ಮೊಣಕೈ ಹತ್ತಿರ ಬರುವ ಉದ್ದನೆಯದು ತನ್ನಿ. ಒಳಗೆ ತೆಳು ಬಟ್ಟೆ ಇದ್ದರೆ ಬೆವರು ಹೀರುತ್ತದೆ.

ಆದರೆ ತಂದುಕೊಟ್ಟ ಮೇಲೆ "ಹಾಕಿಕೊಳ್ಳಲ್ಲ ಅವರು" ಅಂತ ಬೈಯಬೇಡಿ. ನಮ್ಮಪ್ಪನಿಗೂ ಒಬ್ಬರು ಕೊಟ್ಟಿದ್ದರು. ಅದು ಹಾಕಿಕೊಂಡು ಕವರಿನ ಗಂಟು ಬಿಚ್ಚಲು ಆಗುವುದೇ ಇಲ್ಲ. ನೀವು ಕವರಿಗೆ ಮೂರು ಗಂಟು ಹಾಕುತ್ತೀರಿ, ಅವರಿಗೆ ಐನೂರು ಮನೆ ಇದೆ. ಕೊನೆಗೆ ಅಪ್ಪ ಎಡಗೈಗೆ ಉದ್ದನೆಯದು, ಬಲಗೈಗೆ ನೂಲಿನದು ಹಾಕಿಕೊಳ್ಳುತ್ತಿದ್ದರು. ಅಳತೆಯೂ ನೋಡಿ. ಹೆಂಗಸರ ಕೈಗೆ ಗಂಡಸರ ಅಳತೆ ಕೊಟ್ಟರೆ ಬೆರಳ ತುದಿ ಮಡಚಿಕೊಂಡು ಬಾಟಲಿ ಜಾರುತ್ತದೆ. ಆಗ ಇನ್ನೂ ಅಪಾಯ.

ಕನ್ನಡಕ ಮರೆಯಬೇಡಿ. ಕೈ ವಾಸಿಯಾಗುತ್ತದೆ. ಮತ್ತೆ ಗಾಡಿಯಲ್ಲಿ ಐದು ಲೀಟರ್ ನೀರಿನ ಕ್ಯಾನ್ ಇದ್ದರೆ ಒಳ್ಳೆಯದು, ಎಲ್ಲ ಬೀದಿಯಲ್ಲೂ ನಿಮ್ಮ ಥರ ಪೈಪ್ ಹಿಡಿಯುವವರು ಇರಲ್ಲ.

ನೇರ_ಮಾತು
ಸರಿ, ಈಗ ನಿಯಮ ಏನು ಹೇಳುತ್ತದೆ? ಯಾರ ಜವಾಬ್ದಾರಿ ಅಂತ ಬರೆದಿರುತ್ತಾರಲ್ಲ.

ಮೂರನೇ_ಕ್ರಾಸ್
2016ರ ಘನತ್ಯಾಜ್ಯ ನಿಯಮದಲ್ಲಿ ಏನಿತ್ತು ನೋಡಿ. ಮನೆಯಲ್ಲೇ ಮೂರು ಭಾಗ ಮಾಡಬೇಕಿತ್ತು: ಹಸಿ, ಒಣ, ಮನೆಯ ಅಪಾಯಕಾರಿ ಕಸ. ಪೇಂಟ್ ಡಬ್ಬಿ, ಕೀಟನಾಶಕದ ಡಬ್ಬಿ, ಸಿಎಫ್‌ಎಲ್ ಬಲ್ಬು, ಬ್ಯಾಟರಿ, ಅವಧಿ ಮುಗಿದ ಮಾತ್ರೆ, ಸೂಜಿ ಎಲ್ಲ ಮೂರನೆಯದರಲ್ಲಿ. ಅದನ್ನು ಕೊಡುವುದಕ್ಕೆ ಪಾಲಿಕೆ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಮಾಡಬೇಕು ಅಂತಲೂ ಅದರಲ್ಲಿತ್ತು. ಕೆಲಸಗಾರರಿಗೆ ಗ್ಲೌಸ್, ಬೂಟು, ಮಾಸ್ಕ್, ರೇನ್‌ಕೋಟ್ ಕೊಡಿಸುವುದೂ ಪಾಲಿಕೆಯ ಹೊಣೆ ಅಂತಿತ್ತು.

ಬೆಂಗಳೂರಿಗೆ ಹೈಕೋರ್ಟು 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಅಂದಿತ್ತು. ಹಸಿರು ಬುಟ್ಟಿ ಹಸಿಗೆ, ಕೆಂಪು ಬುಟ್ಟಿ ಪ್ಯಾಡು, ಡೈಪರ್ ಥರದ್ದಕ್ಕೆ, ಚೀಲ ಒಣಕ್ಕೆ. ಜನ ಏನು ಮಾಡುತ್ತಾರೆ ಅಂದರೆ, ಏನು ಗೊತ್ತಾಗಲಿಲ್ಲವೋ ಅದೆಲ್ಲ ಕೆಂಪು ಬುಟ್ಟಿಗೆ. ಡೈಪರ್ ಪಕ್ಕದಲ್ಲಿ ಆಸಿಡ್ ಬಾಟಲಿ.

ನಾಗರಬಾವಿ_ಶುಭಾ
ನಮ್ಮ 20 ಚದರ ಕಿಲೋಮೀಟರಿನ ಕೇಂದ್ರ ಎಲ್ಲಿದೆ ಅಂತ ಇವತ್ತು ಮೂರು ನಂಬರಿಗೆ ಫೋನ್ ಮಾಡಿದೆ. ಒಬ್ಬರು "ಒಣ ಕಸದ ಕೇಂದ್ರಕ್ಕೆ ಕೊಡಿ" ಅಂದರು. ಇನ್ನೊಬ್ಬರು "ಮೇಸ್ತ್ರಿಗೆ ಕೇಳಿ" ಅಂದರು. ಮೇಸ್ತ್ರಿ "ಮೇಡಂ, ಮೋರಿಗೆ ಸುರಿದುಬಿಡಿ" ಅಂದರು.

ಹುಬ್ಬಳ್ಳಿ_ಮಂದಿ
ಮೋರಿಗೆ ಇಳಿಯುವವರೂ ಮನುಷ್ಯರೇ ಅಲ್ಲೇನ್ರೀ.

ಎಡಿಸನ್_ಕನ್ನಡಿಗ
👆 ಇದಕ್ಕೆ ಹತ್ತು ಲೈಕು.

ನಿವೃತ್ತ_ಕೆಮಿಸ್ಟ್ರಿ_ಮೇಷ್ಟ್ರು
ಸುಲಭದ ದಾರಿ ಹೇಳುತ್ತೇನೆ. ಟಾಯ್ಲೆಟ್ ಕ್ಲೀನರ್ ಉಳಿಸಬೇಡಿ, ಅದು ಇರುವ ಕೆಲಸಕ್ಕೇ ಬಳಸಿ ಮುಗಿಸಿ. ಮುಗಿದ ಮೇಲೆ ಬಾಟಲಿಗೆ ನೀರು ಹಾಕಿ ಅಲ್ಲಾಡಿಸಿ, ಕಮೋಡಿಗೇ ಸುರಿಯಿರಿ. ಮೂರು ಸಲ. ಆಮೇಲೆ ಒಣ ಕಸ. ಅದರಲ್ಲಿ ಸಾಮಾನ್ಯವಾಗಿ ಇರುವುದು 10% ಆಸುಪಾಸಿನ ಹೈಡ್ರೋಕ್ಲೋರಿಕ್ ಆಸಿಡ್. ಮೊಪೆಡ್ಡಿನವನ ಬಾಟಲಿಯಲ್ಲಿ ಎಷ್ಟಿದೆ ಅಂತ ಅವನಿಗೂ ಗೊತ್ತಿಲ್ಲ.

ತಳದಲ್ಲಿ ನಾಲ್ಕು ಚಮಚ ಉಳಿದಿದ್ದರೆ ಅರ್ಧ ಬಕೆಟ್ ನೀರಿಗೆ ಅದನ್ನು ನಿಧಾನವಾಗಿ ಹಾಕಿ. ನೀರಿಗೆ ಆಸಿಡ್, ಆಸಿಡ್ಡಿಗೆ ನೀರಲ್ಲ. ಬಯಲಲ್ಲಿ ಮಾಡಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಅಲ್ಯೂಮಿನಿಯಂ ಬೇಡ. ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಿ, ನೊರೆ ನಿಂತಾಗ ಮುಗಿಯಿತು. ಬಕೆಟ್‌ಗೆ ಹೇಳಿದ್ದು ಇದು, ಕೈಗಲ್ಲ.

ಎಸ್ಟಿಪಿ_ತಲೆನೋವು
ಅಪಾರ್ಟ್‌ಮೆಂಟಿನವರು ಲೀಟರ್‌ಗಟ್ಟಲೆ ಹೀಗೆ ಬಿಡಬೇಡಿ ದಯವಿಟ್ಟು. ಎಸ್‌ಟಿಪಿಯಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅವು ಸತ್ತರೆ ವಾರಗಟ್ಟಲೆ ವಾಸನೆ, ಬೈಗುಳ ನನಗೆ.

ಕಡಲತೀರ
ಇನ್ವರ್ಟರ್ ಬ್ಯಾಟರಿ ಏನು ಮಾಡುವುದು? ನಮ್ಮ ಮನೆಯಲ್ಲಿ ಒಂದು ಬಸುರಿ ಹೊಟ್ಟೆಯ ಹಾಗೆ ಉಬ್ಬಿ ಕೂತಿದೆ.

ಮೂರನೇ_ಕ್ರಾಸ್
ಹೊಸದು ತಗೊಳ್ಳುವ ಅಂಗಡಿಯವರೇ ಹಳೆಯದನ್ನು ತಗೊಂಡು ರೇಟಿನಲ್ಲಿ ಕಡಿಮೆ ಮಾಡುತ್ತಾರೆ. ಒಳಗಿರುವುದು ಸಲ್ಫ್ಯೂರಿಕ್ ಆಸಿಡ್, ನೀವು ಬಗ್ಗಿಸಬೇಡಿ. ಗುಜರಿಯವನಿಗೂ ಕೊಡಬೇಡಿ, ಅವನು ಸೀಸಕ್ಕಾಗಿ ಆಸಿಡ್ಡನ್ನು ಖಾಲಿ ಸೈಟಿಗೆ ಚೆಲ್ಲುತ್ತಾನೆ.

ಲೆಕ್ಕದ_ಪುಸ್ತಕ
ಎಲ್ಲರೂ ಬಾಟಲಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಅಕ್ಕನ ರಜೆ ಸಂಬಳದ ಕಥೆ ಏನು? ಶುಭಾ ಅವರೇ, ಅವರಿಗೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದೆಯಾ ಕೇಳಿ. ತಿಂಗಳ ಸಂಬಳ 21,000 ರೂಪಾಯಿ ಒಳಗಿರುವ ಗುತ್ತಿಗೆಯವರಿಗೆ ಸಾಮಾನ್ಯವಾಗಿ ಕಡಿತ ಆಗುತ್ತಿರುತ್ತದೆ, ಕಾರ್ಡ್ ಮಾತ್ರ ಕೈಗೆ ಬಂದಿರುವುದಿಲ್ಲ. ಸಂಬಳದ ಚೀಟಿಯಲ್ಲಿ ನಂಬರ್ ಇರುತ್ತದೆ.

ಕೆಲಸದ ಹೊತ್ತಲ್ಲಿ ಆದ ಗಾಯ ಇದು. ಮಾಮೂಲಿ ಜ್ವರದ ರಜೆಗೆ ಸಿಗುವುದು ಕೂಲಿಯ 70%, ಕೆಲಸದ ಗಾಯಕ್ಕೆ 90%. ಇಷ್ಟು ದಿನ ಕಂತು ಕಟ್ಟಿರಬೇಕು ಅನ್ನುವ ಷರತ್ತೂ ಗಾಯಕ್ಕೆ ಇಲ್ಲ. ಆದರೆ ಗುತ್ತಿಗೆದಾರ ಅಪಘಾತ ವರದಿ ಕಳಿಸಬೇಕು. ಕಳಿಸದಿದ್ದರೆ ಅದು "ಮನೆಯಲ್ಲಿ ಬಿದ್ದ ಗಾಯ" ಆಗಿಬಿಡುತ್ತದೆ. ನೀವು ಕಣ್ಣಾರೆ ನೋಡಿದವರು. ಒಂದು ಹಾಳೆಯಲ್ಲಿ ದಿನ, ಹೊತ್ತು, ಜಾಗ ಬರೆದು ಸಹಿ ಹಾಕಿಕೊಡಿ. ಗ್ಲೌಸ್‌ಗಿಂತ ಮೊದಲು ಅದು.

ನಾಗರಬಾವಿ_ಶುಭಾ
ಇದು ನನ್ನ ತಲೆಗೇ ಬಂದಿರಲಿಲ್ಲ. ನಾಳೆಯೇ ಮಾಡುತ್ತೇನೆ.

ನೇರ_ಮಾತು
ಸಾಕ್ಷಿಗೆ ಇನ್ನೊಂದು ಸಹಿ ಬೇಕಿದ್ದರೆ ಎದುರು ಮನೆಯ ಪೇಸ್ಟಿನವರನ್ನು ಕೇಳಿ. ಓಡಿ ಬಂದರಲ್ಲ, ಮನಸ್ಸು ಒಳ್ಳೆಯದಿದೆ.

ನಾಗರಬಾವಿ_ಶುಭಾ (ಒಂಬತ್ತು ದಿನದ ನಂತರ)
ಏನಾಯಿತು ಅಂತ ಕೆಲವರು ಕೇಳಿದ್ದರು.

ಅಕ್ಕ ಇವತ್ತು ಕೆಲಸಕ್ಕೆ ಬಂದರು. ಎಡಗೈಗೆ ತೆಳು ಬಟ್ಟೆ ಸುತ್ತಿದ್ದಾರೆ. ಗಾಯ ಅಷ್ಟು ಆಳ ಇಲ್ಲವಂತೆ. ಗ್ಲೌಸಿನ ಕೆಳಗಿದ್ದ ಭಾಗ ಮಾತ್ರ ತಡವಾಗಿ ಒಣಗುತ್ತಿದೆ. ಬೆರಳು ಮಡಚಿ ತೋರಿಸಿದರು. ಇಎಸ್‌ಐ ನಂಬರ್ ಇತ್ತು, ಕಾರ್ಡ್ ಇರಲಿಲ್ಲ, ಲೆಕ್ಕದ_ಪುಸ್ತಕ ಹೇಳಿದ ಹಾಗೇ. ವರದಿ ಹೋಗಿದೆ. ಎರಡು ಸಹಿ, ನನ್ನದು ಮತ್ತು ಪೇಸ್ಟಿನವರದು. ದುಡ್ಡು ಇನ್ನೂ ಬಂದಿಲ್ಲ.

ಈಗ ಅಕ್ಕ ಯಾವ ಬಾಟಲಿಯನ್ನೂ ಬಿಚ್ಚುತ್ತಿಲ್ಲ. ಮುಚ್ಚಳ ಇದ್ದದ್ದೆಲ್ಲ ಹಾಗೇ ಪಕ್ಕಕ್ಕೆ ಇಡುತ್ತಾರೆ. ಅದಕ್ಕೆ ನಾವು ಬೀದಿಯವರು ನಮ್ಮ ನೀರಿನ ಬಾಟಲಿ ನಾವೇ ಖಾಲಿ ಮಾಡಿ, ಚಪ್ಪಟೆ ಮಾಡಿ ಕೊಡುವುದು ಅಂತ ಮಾಡಿಕೊಂಡೆವು. ಹದಿನಾಲ್ಕರಲ್ಲಿ ಒಂಬತ್ತು ಮನೆ ಮಾಡುತ್ತಿದೆ. ನಮ್ಮ ಗೇಟ್ ಒಳಗೆ ಒಂದು ಹಳೇ ಹಾಲಿನ ಕ್ರೇಟ್ ಇಟ್ಟು "ಬ್ಯಾಟರಿ, ಬಲ್ಬು, ಆಸಿಡ್ ಇಲ್ಲಿ ಇಡಿ, ಕಸಕ್ಕೆ ಬೇಡ" ಅಂತ ಬರೆದು ಹಾಕಿದೆ.

ಮೂರು ದಿನ ಖಾಲಿ ಇತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಪೇಪರ್ ಸುತ್ತಿದ ಎರಡು ನೀರಿನ ಬಾಟಲಿ. ತುಂಬಾ ತುಂಬಿದೆ. ಹೆಸರಿಲ್ಲ.

ಸುಮ್ನೆ_ಓದುವವ
ಆಹಾ! ಹದಿನಾಲ್ಕು ಮನೆಯಲ್ಲೂ ಆಸಿಡ್ ಇಲ್ಲ ಅಂದಿದ್ದರಲ್ಲ. ಈಗ ಆ ಎರಡು ಬಾಟಲಿ ಎಲ್ಲಿವೆ?

ನಾಗರಬಾವಿ_ಶುಭಾ
ನಮ್ಮ ಹಿತ್ತಲಲ್ಲಿ. ಒಣ ಕಸದ ಕೇಂದ್ರದವರು ತಗೊಳ್ಳಲ್ಲ ಅಂದರು. ಮೇಷ್ಟ್ರೇ, ಎರಡು ಲೀಟರಿಗೆ ಎಷ್ಟು ಸೋಡಾ ಬೇಕು?

ನಿವೃತ್ತ_ಕೆಮಿಸ್ಟ್ರಿ_ಮೇಷ್ಟ್ರು
ಎರಡು ಲೀಟರ್ ನೀವು ಮುಟ್ಟಬೇಡಿ. ಎಷ್ಟು ಗಾಢ ಅಂತ ಗೊತ್ತಿಲ್ಲ, ಯಾವ ಆಸಿಡ್ ಅಂತಲೂ ಗೊತ್ತಿಲ್ಲ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ. ಮೇಲೆ ದೊಡ್ಡದಾಗಿ ಆಸಿಡ್ ಅಂತ ಬರೆಯಿರಿ. ನಾನು ಪಾಠ ಮಾಡಿದ ಕಾಲೇಜಿನ ಲ್ಯಾಬಿನವರ ಹತ್ತಿರ ಮಾತಾಡಿದ್ದೇನೆ, ಶನಿವಾರ ತಂದರೆ ನೋಡುತ್ತೇವೆ ಅಂದಿದ್ದಾರೆ. ಹನ್ನೊಂದಕ್ಕೆ ನಾನೇ ಬರುತ್ತೇನೆ. ಲೊಕೇಶನ್ ಕಳಿಸಿ.

ಟಿಪ್ಪರ್_ಮಗ
ಮೇಷ್ಟ್ರೇ, ಸ್ಕೂಟರಿನಲ್ಲಿ ತರಬೇಡಿ. ನಾನು ಆಟೋ ತರುತ್ತೇನೆ.

ಹುಬ್ಬಳ್ಳಿ_ಮಂದಿ
ನಮ್ಮ ಓಣಿಗೂ ಒಬ್ಬ ಮೇಷ್ಟ್ರು ಇದ್ದರೆ ಕಳಿಸಿಕೊಡ್ರೀ.